ಇವತ್ತಿನ ಅಳತೆಗೆ ಒಂದು ರವಿಕೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೆರಿಗೆಯಾಗಿ ಹದಿನಾಲ್ಕು ತಿಂಗಳು ಕಳೆದಿವೆ, ಹೊಟ್ಟೆ ಇಳಿದಿಲ್ಲ, ಕನ್ನಡಿಯ ಎದುರು ಬಟ್ಟೆ ಬದಲಿಸಲು ಮನಸ್ಸಾಗುವುದಿಲ್ಲ, ನಾದಿನಿಯ ಮದುವೆಗೆ ಹೋಗದಿರಲು ನೆಪ ಹುಡುಕುತ್ತಿದ್ದೇನೆ ಎಂದು ಬರೆದಿದ್ದೀರಿ. ತನ್ನ ಮೈಯನ್ನು ಇದ್ದ ಹಾಗೆ ಒಪ್ಪಿಕೊಂಡ ಹೆಂಗಸು ನಿಜವಾಗಿಯೂ ಎಲ್ಲಾದರೂ ಇದ್ದಾಳೆಯೇ, ಇದ್ದರೆ ಅದು ಅವಳಿಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದ್ದೀರಿ. ಬೆಳಗ್ಗೆ ಎದ್ದು ಕನ್ನಡಿಗೆ ‘ನಾನು ಸುಂದರಿ’ ಎಂದು ಹೇಳಿಕೊಳ್ಳಿ ಎನ್ನುವವರು ಬಹಳ. ನಾನೂ ಹೇಳಿ ನೋಡಿದ್ದೇನೆ. ಕನ್ನಡಿ ನಂಬಲಿಲ್ಲ.

ನಾನು ಕಾರವಾರದ ಕೋಡಿಬಾಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಇಪ್ಪತ್ತಾರು ವರ್ಷಗಳಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ. ಡಾಕ್ಟರು, ನರ್ಸುಗಳನ್ನು ಬಿಟ್ಟರೆ ಇಷ್ಟು ಮಂದಿಯ ಮೈಯನ್ನು ಇಷ್ಟು ಹತ್ತಿರದಿಂದ ಕಾಣುವ ಕಸುಬು ಬೇರೆ ಇರಲಿಕ್ಕಿಲ್ಲ. ಆದ್ದರಿಂದ ಮೊದಲು ನನ್ನ ಅಳತೆ ಪುಸ್ತಕದ ಗುಟ್ಟೊಂದನ್ನು ಹೇಳಿಬಿಡುತ್ತೇನೆ: ಎಡ ಬಲ ಸರಿಸಮವಾಗಿರುವ ಹೆಂಗಸು ನನ್ನ ಅಂಗಡಿಯ ಮೆಟ್ಟಿಲನ್ನು ಇನ್ನೂ ಹತ್ತಿಲ್ಲ. ಒಂದು ಹೆಗಲು ಕಾಲು ಇಂಚು ಇಳಿದಿರುತ್ತದೆ, ಒಂದು ಎದೆ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ, ಒಂದು ತೋಳು ದಪ್ಪ. ನಾವು ಟಕ್ಕಿನಲ್ಲಿ, ಹೆಗಲ ಹೊಲಿಗೆಯಲ್ಲಿ ಅದನ್ನು ಸರಿದೂಗಿಸುತ್ತೇವೆ. ಮದುವೆಯ ಫೋಟೊಗಳಲ್ಲಿ ನೀವು ನೋಡಿ ಹೊಟ್ಟೆ ಉರಿಸಿಕೊಳ್ಳುವ ಅಚ್ಚುಕಟ್ಟಾದ ಮೈಕಟ್ಟಿನಲ್ಲಿ ಅರ್ಧ ಪಾಲು ದರ್ಜಿಯದು.

ಸಿದ್ಧ ಉಡುಪಿನ ಅಂಗಡಿಯಲ್ಲಿ ಎಕ್ಸೆಲ್ (XL) ಅಳತೆ ಹತ್ತಲಿಲ್ಲವೆಂದು ಅತ್ತುಕೊಂಡು ನನ್ನ ಬಳಿಗೆ ಬಂದವರಿದ್ದಾರೆ. ಆ ಅಳತೆಗಳು ಬಹುಪಾಲು ಅಮೆರಿಕ, ಬ್ರಿಟನ್ನಿನ ಪಟ್ಟಿಗಳನ್ನು ನೋಡಿ ಮಾಡಿಕೊಂಡವು. ನಮ್ಮ ಜನರ ಮೈಗೆಂದೇ ಒಂದು ಪಟ್ಟಿ ಬೇಕೆಂದು ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ದೇಶದ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ಅಳೆಯುವ ಕೆಲಸಕ್ಕೆ ಕೈಹಾಕಿದ್ದೇ ಈಚೆಗೆ. ಅಂಗಿ ಹಿಡಿಸದಿದ್ದರೆ ಅಂಗಿಯದೇ ತಪ್ಪು ಎಂದು ಗಂಡಸರು ಸಲೀಸಾಗಿ ಹೇಳಿಬಿಡುತ್ತಾರೆ. ನಾವು ಮನೆಗೆ ಬಂದು ಊಟ ಬಿಡುತ್ತೇವೆ.

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತೇ? ‘ಅರ್ಧ ಇಂಚು ಬಿಗಿಯಾಗಿಯೇ ಹೊಲಿಯಿರಿ, ಮದುವೆಯ ಹೊತ್ತಿಗೆ ತೆಳ್ಳಗಾಗುತ್ತೇನೆ.’ ಹಾಗೆ ಹೊಲಿದ ರವಿಕೆಗಳಲ್ಲಿ ಹೆಚ್ಚಿನವು ಮದುವೆಯ ಮುನ್ನಾದಿನ ಬಿಚ್ಚಿಸಲು ವಾಪಸು ಬರುತ್ತವೆ. ಮತ್ತೆ ಕೆಲವು ಟ್ರಂಕಿನಲ್ಲಿ ಮಡಿಕೆಯಾಗಿಯೇ ಉಳಿದು, ನಮ್ಮ ಕಡಲಗಾಳಿಗೆ ಹುಕ್ಕುಗಳು ತುಕ್ಕು ಹಿಡಿದು, ಬಟ್ಟೆಯ ಮೇಲೆ ಸಾಲಾಗಿ ಕಂದು ಕಲೆ ಬೀಳುತ್ತದೆ. ಇನ್ನೂ ಬಂದಿಲ್ಲದ ಮೈಗೆ ಹೊಲಿಸಿದ ಬಟ್ಟೆ. ಇಂದಿನ ಮೈಗೆ ಮಾತ್ರ ಹಳೆಯ ನೈಟಿ.

ನಾನೇನು ಇದರಿಂದ ಹೊರಗಿದ್ದವಳಲ್ಲ. ಅಂಕೋಲೆಯ ಕಡೆ ಹುಟ್ಟಿದವಳು, ಕಪ್ಪು, ದಪ್ಪ. ಹೆಣ್ಣು ನೋಡಲು ಬಂದ ಎರಡು ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು, ಪತ್ರ ಬರೆಯುತ್ತೇವೆಂದು ಹೇಳಿ ಹೋದರು. ಚಿಕ್ಕಮ್ಮ ಸಂಜೆಗೊಮ್ಮೆ ನನ್ನ ಮುಖಕ್ಕೆ ಕಡಲೆಹಿಟ್ಟು ಮೆತ್ತುತ್ತಿದ್ದಳು. ನಮ್ಮಲ್ಲಿ ಇಷಾಡು ಮಾವಿನಲ್ಲಿ ಕರಿ, ಬಿಳಿ ಎಂದು ಎರಡು ಜಾತಿ. ಕರಿ ಇಷಾಡಿನ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಇದು ಈ ಊರಿನದೇ ವಿಶೇಷ ಎನ್ನುವ ಜಿಐ ಮಾನ್ಯತೆ 2023ರಲ್ಲಿ ಸಿಕ್ಕಿದ್ದೂ ಕರಿ ಇಷಾಡಿಗೇ. ಇದೇ ಚಿಕ್ಕಮ್ಮ ಸಂತೆಯಲ್ಲಿ ಚೌಕಾಶಿ ಮಾಡಿ ಕರಿ ಇಷಾಡನ್ನೇ ಆರಿಸಿ ತಂದು, ಮನೆಗೆ ಬಂದು ಕಡಲೆಹಿಟ್ಟು ಕಲೆಸಲು ಕುಳಿತುಕೊಳ್ಳುತ್ತಿದ್ದಳು. ಆ ವಿಚಿತ್ರ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಮದುವೆಯಾದ ಮೇಲೂ ಹುಚ್ಚು ಬಿಡಲಿಲ್ಲ. ಪರಿಚಯದವರೊಬ್ಬರು ಹೇಳಿದ ಮುಲಾಮನ್ನು ಚೀಟಿ ಇಲ್ಲದೆ ತಂದು ಎಂಟು ತಿಂಗಳು ಹಚ್ಚಿದೆ. ಮೊದಲು ಬೆಳ್ಳಗಾದೆ, ನಿಜ. ಆಮೇಲೆ ಕೆನ್ನೆ ಕೆಂಪೇರಿ, ಬಿಸಿಲಿಗೆ ಹೋದರೆ ಉರಿ, ಕೆನ್ನೆಯ ಮೇಲೆ ದಾರದೆಳೆಯಂತಹ ರಕ್ತನಾಳಗಳು. ಹಚ್ಚುವುದನ್ನು ಬಿಟ್ಟರೆ ಮುಖ ಇನ್ನಷ್ಟು ಕೆರಳುತ್ತಿತ್ತು. ಚರ್ಮದ ಡಾಕ್ಟರು ಟ್ಯೂಬನ್ನು ನೋಡಿದ ಕೂಡಲೇ ‘ಇದು ಸ್ಟೆರಾಯ್ಡ್, ಇಸುಬಿನಂತಹ ಕಾಯಿಲೆಗೆ ಕೆಲವು ದಿನ ಹಚ್ಚುವುದು, ಚರ್ಮವನ್ನೇ ತೆಳುವಾಗಿಸುತ್ತದೆ’ ಎಂದರು. ಮುಖಕ್ಕೆ ಬಣ್ಣ ತಯಾರಿಸುವ ಜೀವಕೋಶಗಳ ಎಣಿಕೆ ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚುಕಡಿಮೆ ಒಂದೇ, ಅವು ತಯಾರಿಸುವ ಮೆಲನಿನ್ ಎಷ್ಟು ಎನ್ನುವುದರಲ್ಲಷ್ಟೇ ವ್ಯತ್ಯಾಸ ಎಂದು ಅವರೇ ತಿಳಿಸಿದರು. ‘ನಿಮ್ಮವು ಚುರುಕು’ ಎಂದರು. ನನ್ನ ಬಣ್ಣದ ಬಗ್ಗೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಒಂದು ವಾರ ಅದನ್ನೇ ಮೆಲುಕು ಹಾಕಿದೆ.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟವಳು ಬೇರೆ. ಮೀನು ಮಾರುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಕ್ಯಾನ್ಸರಿನಿಂದಾಗಿ ಎಡಗಡೆಯ ಎದೆಯನ್ನು ಪೂರ್ತಿ ತೆಗೆದಿದ್ದರು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಪರದೆ ಎಳೆಯುವ ಮೊದಲೇ ಸೆರಗು ಸರಿಸಿ ನಿಂತಳು. ಟೇಪು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ‘ಏನಮ್ಮ, ನಾಚಿಕೆ ನಿಮಗೋ ನನಗೋ? ಅಳತೆ ತೆಗೆಯಿರಿ, ಮೀನು ಕೆಡುತ್ತದೆ’ ಎಂದಳು.

ಅವಳ ದೂರು ಚಂದದ್ದಲ್ಲ, ತೂಕದ್ದು. ಒಂದು ಕಡೆ ಹಗುರವಾಗಿ, ಮೈ ಬಲಕ್ಕೆ ವಾಲಿ, ಕುತ್ತಿಗೆ ನೋಯುತ್ತಿತ್ತು. ಬುಟ್ಟಿ ಹೊರುವವಳಿಗೆ ಅದು ಸಣ್ಣ ಮಾತೇ? ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಎಡತೋಳು ಊದಿಕೊಂಡಿತ್ತು. ಎಡಗೈಯಲ್ಲಿ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು, ಬುಟ್ಟಿಯನ್ನು ಪಕ್ಕದವರು ಎತ್ತಿ ತಲೆಗಿಡುತ್ತಿದ್ದರು. ಒಂದೇ ರವಿಕೆಗೆ ಎರಡು ತೋಳು, ಎರಡು ಅಳತೆ: ಬಲಕ್ಕೆ ಹನ್ನೊಂದು ಇಂಚು, ಎಡಕ್ಕೆ ಹದಿಮೂರೂವರೆ. ಎಡಗಡೆಯ ಒಳಗೆ ಮೆತ್ತನೆಯ ಜೇಬು ಹೊಲಿದು ಹತ್ತಿ ತುಂಬಿದೆ. ಎರಡೇ ದಿನಕ್ಕೆ ವಾಪಸು ತಂದಳು. ಹತ್ತಿ ಹಗುರ, ಕೈ ಎತ್ತಿದರೆ ಕುತ್ತಿಗೆಯ ತನಕ ಏರಿ ಬರುತ್ತಿತ್ತು. ಇಬ್ಬರೂ ಕುಳಿತು ಯೋಚಿಸಿದೆವು. ಕೊನೆಗೆ ಹತ್ತಿಯ ನಡುವೆ ಸಣ್ಣ ಚೀಲದಲ್ಲಿ ಸಾಸಿವೆ ತುಂಬಿ ಇಟ್ಟೆ. ಬಲಗಡೆಯ ತೂಕಕ್ಕೆ ಸರಿ ಹೋಗುವ ತನಕ ಅವಳೇ ಮುಷ್ಟಿಯಲ್ಲಿ ಎತ್ತಿ ನೋಡಿ, ‘ಇನ್ನೊಂದು ಚಮಚ ಹಾಕಿ’ ಎನ್ನುತ್ತಿದ್ದಳು, ಬಂಗಡೆ ತೂಗುವವಳ ಗತ್ತಿನಲ್ಲಿಯೇ. ಹೊರಡುವಾಗ ‘ಒಗ್ಗರಣೆಗೆ ಕಡಿಮೆಯಾದರೆ ಇದರಿಂದಲೇ ತೆಗೆದುಕೊಳ್ಳುತ್ತೇನೆ’ ಎಂದು ನಕ್ಕಳು.

ಅವಳು ತನ್ನ ಮೈಯನ್ನು ಪ್ರೀತಿಸುತ್ತಿದ್ದಳೇ? ನನಗೆ ಹಾಗೆ ಅನ್ನಿಸಲಿಲ್ಲ. ಹೋದದ್ದಕ್ಕೆ ಅವಳಿಗೆ ಸಂಕಟವಿತ್ತು. ಒಂದೆರಡು ಸಲ ನನ್ನೆದುರು ಅತ್ತದ್ದೂ ಉಂಟು. ಆದರೆ ಅವಳು ಮೈ ಸರಿಹೋಗಲೆಂದು ಕಾಯಲಿಲ್ಲ. ಮೊದಲಿನ ಹಾಗಾದ ಮೇಲೆ ಸಂತೆಗೆ ಹೋಗುತ್ತೇನೆ ಎನ್ನಲಿಲ್ಲ. ಇವತ್ತು ಹನ್ನೊಂದು, ಹದಿಮೂರೂವರೆ. ಹಾಗಾದರೆ ಅದಕ್ಕೇ ಹೊಲಿಯಿರಿ. ನಾನು ಒಪ್ಪಿಕೊಳ್ಳುವುದು ಎಂದರೆ ಏನೆಂದು ಕಲಿತದ್ದು ಇಷ್ಟೇ. ಅಕ್ಕರೆ ಬಂದರೆ ಬರಲಿ, ಅದರ ದಾರಿ ನೋಡುತ್ತ ಕೂರುವ ಕೆಲಸವಿಲ್ಲ.

ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಿರಿಯ ಹೆಂಗಸರನ್ನು ನೀವು ನೋಡಿರಬಹುದು. ರವಿಕೆಯಿಲ್ಲ, ಕೊರಳ ತುಂಬ ಮಣಿಸರ, ಹೆಗಲು ಬಯಲು. ಅವರಲ್ಲೊಬ್ಬರಾದ, ಕಾಡಿನ ಗಿಡಗಳನ್ನು ಬೆಳೆಸಿದ ತುಳಸಿ ಗೌಡರು 2021ರಲ್ಲಿ ಅದೇ ಉಡುಗೆಯಲ್ಲಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದುಬಂದರು. ಚಿಕ್ಕವಳಿದ್ದಾಗ ಅಂಕೋಲೆ ಸಂತೆಯಲ್ಲಿ ಹಾಲಕ್ಕಿ ಹೆಂಗಸರ ಸಾಲನ್ನು ನೋಡುತ್ತಿದ್ದೆ. ಹೆಗಲು ಎಂಬುದು ಅಡಗಿಸಿಡುವ ವಸ್ತುವೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಹಾಡಿ ಹೊಗಳಲು ಹೇಳುತ್ತಿಲ್ಲ. ಅವರ ಮೊಮ್ಮಕ್ಕಳು ಈಗ ನನ್ನ ಹತ್ತಿರ ಪ್ರಿನ್ಸೆಸ್ ಕಟ್ ರವಿಕೆ ಹೊಲಿಸುತ್ತಾರೆ, ಅದೂ ಚಂದವೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಪ್ಪಿಕೊಳ್ಳುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಕತ್ತಿನ ಹಿಂದೆ ಮಖಮಲ್ಲಿನ ಹಾಗೆ ಕಪ್ಪು ಪಟ್ಟಿ ಬಂದ ಹುಡುಗಿಯರು ಕಾಲರ್ ಇಟ್ಟು ಹೊಲಿದುಕೊಡಿ ಎಂದು ಬರುತ್ತಾರೆ. ತಾಯಂದಿರು ಅದನ್ನು ಕೊಳೆ ಎಂದು ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ಅದು ಎಷ್ಟೋ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ. ಉಜ್ಜಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಕಾಲರ್ ಹೊಲಿಯುವ ಮೊದಲೇ ಹೇಳುತ್ತೇನೆ. ನಿಮಗೂ ಆಯಾಸ, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ನೋಡಿಸಿ.

ಇನ್ನು ನಿಮ್ಮ ಹೊಟ್ಟೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು, ಅದು ನಿಮಗೆ ಎಂದೋ ಆಗಿದೆ. ಆದರೆ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಕಡೆಗೆ ಸರಿದಿದ್ದರೆ ಅವು ಕೂಡಲು ಎಷ್ಟೋ ತಿಂಗಳು ಹಿಡಿಯುತ್ತದೆ. ವರ್ಷ ದಾಟಿದರೂ ನಡುವೆ ಬೆರಳು ಇಳಿಯುವಂತಿದ್ದರೆ ಫಿಸಿಯೋಥೆರಪಿಯವರನ್ನು ಕಾಣಿ. ಸೀರೆ ಬಿಗಿದು ಕಟ್ಟಿದರೆ ಸ್ನಾಯು ಕೂಡುವುದಿಲ್ಲ. ಬಸಿರಿನ ಗೆರೆಗಳು ಕೆಂಪಿನಿಂದ ಬಿಳಿಗೆ ತಿರುಗುತ್ತವೆ, ಪೂರ್ತಿ ಅಳಿಯುವುದಿಲ್ಲ, ಯಾವ ಎಣ್ಣೆ ತಿಕ್ಕಿದರೂ. ನನ್ನವಕ್ಕೆ ಇಪ್ಪತ್ತಮೂರು ವರ್ಷ.

ನಾದಿನಿಯ ಮದುವೆಗೆ ಹೋಗಿ, ತಂಗಿ. ನಾಳೆಯೇ ನಿಮ್ಮೂರಿನ ದರ್ಜಿಯ ಹತ್ತಿರ ಹೋಗಿ ಹೊಸ ಅಳತೆ ಕೊಡಿ. ಹಳೆಯ ರವಿಕೆಯನ್ನು ಮಾದರಿಗೆ ಒಯ್ಯಬೇಡಿ. ಟೇಪು ಸುತ್ತುವಾಗ ಉಸಿರು ಬಿಗಿಹಿಡಿಯಬೇಡಿ. ಎಲ್ಲರೂ ಹಿಡಿಯುತ್ತಾರೆ, ನಮಗೆ ಗೊತ್ತಾಗುತ್ತದೆ. ಮಗುವಿಗೆ ಹಾಲು ಕೊಡುತ್ತಿದ್ದರೆ ಹುಕ್ಕು ಮುಂದೆಯೇ ಇರಲಿ. ಎರಡೂ ಬದಿಯ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ, ದಪ್ಪವಾದರೆ ಬಿಚ್ಚಬಹುದು, ತೆಳ್ಳಗಾದರೆ ಹಿಡಿಯಬಹುದು.

ನನ್ನ ಮದುವೆಯ ಕೆಂಪು ರವಿಕೆಯಲ್ಲಿ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ. ಕಂಕುಳಿನ ಕೆಳಗೆ ಎರಡೂ ಕಡೆ ಪಟ್ಟಿ ಸೇರಿಸಿದ್ದೇನೆ, ಹೊಂದುವ ಕೆಂಪು ಸಿಗದೆ ಕುಂಕುಮದ ಬಣ್ಣದ್ದು. ಕೈ ಇಳಿಬಿಟ್ಟರೆ ಕಾಣುವುದಿಲ್ಲ. ಕಳೆದ ತಿಂಗಳು ಅದನ್ನೇ ತೊಟ್ಟು ಬಸ್ಸು ಹತ್ತಿದೆ, ಕೂರಲು ಜಾಗವಿರಲಿಲ್ಲ. ಮೇಲಿನ ಕಂಬಿ ಹಿಡಿದು ಅಂಕೋಲೆಯ ತನಕ ನಿಂತೇ ಹೋದೆ.