ಗುಳೆಗೆ ‘ಆನ್ ಮಾಸ್’ ಯಾಕೆ?

ನಮಸ್ಕಾರ. ಕುಷ್ಟಗಿಯಿಂದ ನೀವು ಕಳಿಸಿದ ಗುಳೆಯ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಮಗ ಬೀಗ ಹಾಕಿ ಹೋದ ಮನೆಯ ಮುಂದೆ ಮುದುಕಿಯೊಬ್ಬಳು ದಿನಾ ಕಸ ಹೊಡೆಯುತ್ತಾಳೆ ಅಂತ ಬರೆದಿದ್ದೀರಲ್ಲ, ಆ ಸಾಲಿಗಾಗಿ ಈ ಪತ್ರ.

ನಿಮ್ಮ ಮೊದಲ ವಾಕ್ಯ: ‘ಊರಿನ ಜನ ಆನ್ ಮಾಸ್ ಆಗಿ, ಸಾಮೂಹಿಕವಾಗಿ ಬೆಂಗಳೂರಿಗೆ ಗುಳೆ ಹೋದರು.’ ‘ಆನ್ ಮಾಸ್’ ಅಂದರೂ ಎಲ್ಲರೂ ಒಟ್ಟಿಗೇ ಅಂತಲೇ, ಹಾಗಾಗಿ ಒಂದೇ ಮಾತು ಮೂರು ಸಲ ಬಂತು. ಗುಳೆ ಅಂದರೇನೇ ಗಂಟುಮೂಟೆ ಕಟ್ಟಿಕೊಂಡು ಸಂಸಾರ ಸಮೇತ ಹೋಗುವುದು. ಒಬ್ಬ ಹುಡುಗ ಹೋದರೆ ದುಡಿಯಲು ಹೋದ ಅಂತೇವೆ, ಅಲ್ವಾ?

‘ಆನ್ ಮಾಸ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಇ, ಎನ್ ಅಂತ ಬರೆದು ‘ಆನ್’ ಅಂತ ಓದುತ್ತಾರೆ. ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಸಲ ಓ, ಎನ್ ಬರೆದು ಕೆಡಿಸುತ್ತಾರೆ. 1793ರ ಆಗಸ್ಟ್ 23ರಂದು ಫ್ರಾನ್ಸಿನ ಕ್ರಾಂತಿ ಸರ್ಕಾರ ಇಡೀ ದೇಶವನ್ನೇ ಯುದ್ಧಕ್ಕೆ ಕರೆಯಿತು. 18ರಿಂದ 25ರ ಮದುವೆಯಾಗದ ಗಂಡಸರು ಮೊದಲು ಹೊರಡಬೇಕು, ಹೆಂಗಸರು ಡೇರೆ ಹೊಲಿಯಬೇಕು. ಆ ಹುಕುಮಿನ ಹೆಸರಲ್ಲೇ ಈ ಪದ ಇತ್ತು. ಎಲ್ಲರೂ ಒಮ್ಮೆಲೇ, ಒಂದೇ ಮೈಯಾಗಿ ಎದ್ದರು ಅನ್ನುವ ಕಸುವು ಅದಕ್ಕಿದೆ.

ನಿಮ್ಮೂರಿನಲ್ಲಿ ಹಾಗಾಗಲಿಲ್ಲ. ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ: ದೀಪಾವಳಿ ಮುಗಿದ ಮೇಲೆ ನಾಲ್ಕು ಮನೆ, ಸಂಕ್ರಾಂತಿಗೆ ಏಳು, ಉಳಿದವರು ಯುಗಾದಿ ಮಾಡಿ. ಒಬ್ಬೊಬ್ಬರಾಗಿ ಖಾಲಿಯಾದ ಓಣಿ ಅದು. ನಿಮ್ಮ ಪದ ನಿಮ್ಮ ಕಥೆಯನ್ನೇ ಸುಳ್ಳು ಮಾಡುತ್ತಿದೆ.

ಇನ್ನೊಂದು ಕಡೆ ‘ಕಲೆಕ್ಟಿವ್ಲಿ’ ಬರೆದಿದ್ದೀರಿ. ಎರಡೂ ಒಂದೇ ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿರುತ್ತೀರಿ. ದಾಸೋಹಕ್ಕೆ ಹೆಣ್ಣುಮಕ್ಕಳು ಅವರವರ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ, ಆಮೇಲೆ ಊರಿನ ರೊಟ್ಟಿಯೆಲ್ಲ ಕೂಡಿಸಿ ಟ್ರ್ಯಾಕ್ಟರಿಗೆ ಹೇರುತ್ತಾರೆ. ಅದು ‘ಕಲೆಕ್ಟಿವ್ಲಿ’. ಕೈ ಬೇರೆ ಬೇರೆ, ಬುಟ್ಟಿ ಒಂದೇ. ತೇರಿನ ಸಂಜೆ ಮೈದಾನಕ್ಕೆ ಜನ ಒಮ್ಮೆಲೇ ಹರಿದು ಬರುತ್ತದಲ್ಲ, ಅದು ‘ಆನ್ ಮಾಸ್’.

‘ಸಾಮೂಹಿಕ’ವನ್ನು ವಿವಾಹಕ್ಕೋ ರಾಜೀನಾಮೆಗೋ ಬಿಡಿ. ಗುಳೆಗೆ ಹಚ್ಚಿದರೆ ಪತ್ರಿಕಾ ಪ್ರಕಟಣೆಯ ವಾಸನೆ ಬರುತ್ತದೆ. ನಿಮ್ಮ ಅವ್ವನನ್ನು ಕೇಳಿ ನೋಡಿ. ‘ಓಣಿಗೆ ಓಣಿನೇ ಖಾಲಿ ಆತು’ ಅಂದುಬಿಡುತ್ತಾರೆ. ಊರಿಗೆ ಊರೇ, ಮನೆಗೆ ಮನೆಯೇ, ಹಿಂಡಿಗೆ ಹಿಂಡೇ. ಇಷ್ಟು ಚಂದದ ಜೋಡಿ ಇರುವಾಗ ಫ್ರಾನ್ಸಿನ ತನಕ ಯಾಕೆ ಹೋಗಬೇಕು? ಹಾಂ, ‘ಓಣಿಗೆ ಓಣಿನೇ’ ಅನ್ನುವುದನ್ನು ಯುಗಾದಿ ಆದಮೇಲಿನ ಓಣಿಗೆ ಮಾತ್ರ ಬಳಸಿ. ಅದಕ್ಕೂ ಮುಂಚೆ ಬೇಡ.

ಮುದುಕಿಯಿಂದಲೇ ಶುರು ಮಾಡಿ. ಮೇಸ್ತ್ರಿ ಮುಂಗಡ ಎಷ್ಟು ಕೊಟ್ಟ, ಬೀಗದ ಕೈ ಯಾರ ಹತ್ತಿರ ಇದೆ, ಒಂದನ್ನೂ ಬರೆದಿಲ್ಲ. ಬರೆದು ಕಳಿಸಿ. ನಾಲ್ಕು ಪುಟ ಸಾಕು.