ಟ್ರಾವೆಲ್ ಟ್ರೈಲರ್‌ನಲ್ಲಿ (ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಮೈಕ್ರೋವೇವ್ ಓಡಿಸಲು ಎಷ್ಟು ಬ್ಯಾಟರಿ, ಎಂಥ ಇನ್ವರ್ಟರ್ ಬೇಕು?

ಇನ್ವರ್ಟರ್‌ಗಿಂತ ಮೊದಲು ಆಂಪ್ ಲೆಕ್ಕ ಹಾಕಿ. ಅಮೆರಿಕದ ಟ್ರೈಲರ್‌ಗಳ ಮೈಕ್ರೋವೇವ್ 120 ವೋಲ್ಟ್‌ನಲ್ಲಿ ಸುಮಾರು 1500 ವ್ಯಾಟ್ ಎಳೆಯುತ್ತದೆ. ಅದೇ ಶಕ್ತಿ 12 ವೋಲ್ಟ್ ಬ್ಯಾಟರಿ ಕಡೆಯಿಂದ ಬರಬೇಕೆಂದರೆ, ನಷ್ಟ ಸೇರಿ, 130 ಆಂಪ್ ದಾಟುತ್ತದೆ. ಹತ್ತು ನಿಮಿಷ ಬಿಸಿ ಮಾಡಿದರೆ ಹೋಗುವುದು ಬರೀ 22 ಆಂಪ್-ಅವರ್ (ಬ್ಯಾಟರಿ ಹಿಡಿದಿಡುವ ಕರೆಂಟಿನ ಅಳತೆ). ಆದರೆ ಆ ಹತ್ತು ನಿಮಿಷದ ಹೊಡೆತವನ್ನು ಬ್ಯಾಟರಿ ತಾಳಬೇಕಲ್ಲ!

100 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿಗಳಲ್ಲಿ ಹಲವು 100 ಆಂಪ್‌ಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಟ್ ಮಾಡಿಬಿಡುತ್ತದೆ. ಹಾಗಾಗಿ ಹೊರೆ ಹಂಚಿಕೊಳ್ಳಲು ಎರಡನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿ, 2000 ವ್ಯಾಟ್‌ನ ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನಂತೆ ನಯವಾದ ಅಲೆ ಕೊಡುವ) ಇನ್ವರ್ಟರ್ ಸಾಕು. ಲೆಡ್-ಆಸಿಡ್ ಆದರೆ ಅರ್ಧದಷ್ಟೇ ಬಳಸಬೇಕು, ತೂಕವೂ ಜಾಸ್ತಿ. ಲಿಥಿಯಂಗೆ ಒಂದು ಎಚ್ಚರಿಕೆ: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಹಣ ಉಳಿಸಬಾರದ ಜಾಗ ಕೇಬಲ್. ನಾನು ಮೊದಲ ಸಲ ತೆಳು ವೈರ್ ಎಳೆದಿದ್ದೆ. ಕಾಫಿಗೆ ನೀರು ಕಾಯುವ ಮೊದಲೇ ವೈರ್ ಮುಟ್ಟಲಾಗದಷ್ಟು ಕಾದಿತ್ತು. ಇನ್ವರ್ಟರ್ ಬ್ಯಾಟರಿಗೆ ಹತ್ತಿರವಿರಲಿ, ಕೇಬಲ್ ದಪ್ಪ, ಗಿಡ್ಡ ಇರಲಿ, ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ಹೊರಗಿನ ಕರೆಂಟೂ ಇನ್ವರ್ಟರೂ ಒಂದೇ ಲೈನಿಗೆ ಸೇರಕೂಡದು, ಒಂದು ಸಲಕ್ಕೆ ಒಂದನ್ನೇ ಜೋಡಿಸುವ ಟ್ರಾನ್ಸ್‌ಫರ್ ಸ್ವಿಚ್ ಕಡ್ಡಾಯ. ಇನ್ವರ್ಟರ್ ಓಡುವಾಗ ಟ್ರೈಲರ್‌ನ ಕನ್ವರ್ಟರ್ (120 ವೋಲ್ಟ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಬ್ರೇಕರ್ ಆಫ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳುತ್ತಾ ಸುಮ್ಮನೆ ಖಾಲಿಯಾಗುತ್ತದೆ. ಏರ್ ಕಂಡಿಷನರ್? ಈ ಸೆಟಪ್‌ನಲ್ಲಿ ಅದರ ಆಸೆ ಬಿಡಿ.