ಇಲಿಯ ರಕ್ತದಲ್ಲಿ ಆಕ್ಸಿಡೀಕೃತ ಎಲ್‌ಡಿಎಲ್: ಕಿಟ್ ಕೊಳ್ಳುವ ಮುನ್ನ

ಕೊಬ್ಬಿನ ಆಹಾರ ಕೊಟ್ಟ ಇಲಿಗಳ (ರ‍್ಯಾಟ್) ರಕ್ತದಲ್ಲಿ ಆಕ್ಸಿಡೀಕೃತ ಎಲ್‌ಡಿಎಲ್, ಅಂದರೆ ಕೊಲೆಸ್ಟೆರಾಲ್ ಹೊರುವ ಕಣವು ಆಕ್ಸಿಡೀಕರಣದಿಂದ ಕೆಟ್ಟ ರೂಪ, ಅಳೆಯಲು ಯಾವ ಎಲೈಸಾ ಕಿಟ್ (ಪ್ರತಿಕಾಯದಿಂದ ವಸ್ತುವನ್ನು ಹಿಡಿದು ಬಣ್ಣದಿಂದ ಅಳೆಯುವ ಪರೀಕ್ಷೆ) ಕೊಳ್ಳಬೇಕೆಂದು ಕೇಳಿದ್ದೀರಿ. ಹಾಸನದಲ್ಲಿ ಸಂಶೋಧನೆ ಮಾಡುವಾಗ ನಾನೂ ಇದನ್ನೇ ಕೇಳುತ್ತಿದ್ದೆ. ಸಕಲೇಶಪುರದ ತೋಟದಿಂದ ತರಿಸಿದ ಕಾಫಿ ಹಣ್ಣಿನ ಸಿಪ್ಪೆಯ ಸಾರವು ಎಲ್‌ಡಿಎಲ್ ಕಣಗಳು ಆಕ್ಸಿಡೀಕರಣಗೊಳ್ಳುವುದನ್ನು ತಡೆಯುತ್ತದೆಯೇ ಎಂದು ನೋಡುವುದು ನಮ್ಮ ಉದ್ದೇಶವಾಗಿತ್ತು.

ನಾನು ತರಿಸಿದ್ದು ಮನುಷ್ಯರ ರಕ್ತಕ್ಕೆಂದು ತಯಾರಿಸಿದ ಕಿಟ್. ಕಣ ಒಂದೇ ಬಗೆಯದಾದ್ದರಿಂದ ಪ್ರಾಣಿ ಯಾವುದಾದರೂ ನಡೆಯುತ್ತದೆಂದು ನಂಬಿದ್ದೆ. ಪ್ಲೇಟಿನಲ್ಲಿ ಬಣ್ಣ ಬಂದಿತು, ಗುಂಪುಗಳ ನಡುವೆ ವ್ಯತ್ಯಾಸವೂ ಕಂಡಿತು. ಆದರೆ ಇಂಥ ಕಿಟ್‌ಗಳ ಪ್ರತಿಕಾಯವು, ಉದಾಹರಣೆಗೆ ಹೆಸರಾಂತ 4ಇ6, ಗುರುತಿಸುವುದು ಎಲ್‌ಡಿಎಲ್ ಕಣದ ಮುಖ್ಯ ಪ್ರೋಟೀನಾದ ಮನುಷ್ಯರ ಅಪೊ-ಬಿ-100 ಆಕ್ಸಿಡೀಕರಣದಿಂದ ಬದಲಾದ ರೂಪವನ್ನು. ಇಲಿಯ ಅಪೊ-ಬಿ ರಚನೆಯಲ್ಲಿ ಅದಕ್ಕಿಂತ ಬೇರೆ. ಮಾದರಿಯನ್ನು ಎರಡು ಪಟ್ಟು ತೆಳುಗೊಳಿಸಿದರೆ ಅಳತೆಯೂ ಅರ್ಧಕ್ಕೆ ಇಳಿಯಬೇಕು. ಮಾರ್ಗದರ್ಶಕರು ಒತ್ತಾಯಿಸಿದ ಮೇಲೆ ಆ ಪರೀಕ್ಷೆ ಮಾಡಿದಾಗ ಅಳತೆ ಇಳಿಯಲೇ ಇಲ್ಲ. ನಾವು ಓದಿದ್ದು ಪ್ಲೇಟಿಗೆ ಸುಮ್ಮನೆ ಅಂಟಿಕೊಂಡ ಇತರ ಪ್ರೋಟೀನುಗಳನ್ನು. ಅಷ್ಟರಲ್ಲಿ ಸೀರಮ್ ಮುಗಿದಿತ್ತು. ಹೊಸ ಪ್ರಾಣಿಗಳಿಗೆ ನೈತಿಕ ಸಮಿತಿಯ ಅನುಮತಿಯನ್ನು ಮತ್ತೆ ಬೇಡಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಕ್ರಮವನ್ನೇ ನಾನು ಒಪ್ಪುವುದಿಲ್ಲ: ಮೊದಲು ಪ್ರಾಣಿ, ಆಮೇಲೆ ಕಿಟ್. ಇಲಿಯ ರಕ್ತದಲ್ಲಿ ಕೊಲೆಸ್ಟೆರಾಲ್ ಬಹುಪಾಲು ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಕಣದಲ್ಲಿರುತ್ತದೆ, ಏಕೆಂದರೆ ಅದನ್ನು ಇತರ ಕಣಗಳಿಗೆ ಸಾಗಿಸುವ ಸಿಇಟಿಪಿ ಎಂಬ ಪ್ರೋಟೀನು ಇಲಿಯಲ್ಲಿ ಕೆಲಸ ಮಾಡುವುದಿಲ್ಲ. ಅತಿವೇಗವಾಗಿ ತಿರುಗಿಸಿ ಕಣಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ 1.019ರಿಂದ 1.063 ಸಾಂದ್ರತೆಯ ಪದರವನ್ನು ತೆಗೆದು ಎಲ್‌ಡಿಎಲ್ ಎಂದು ಕರೆದರೂ, ಅದರಲ್ಲಿ ಅಪೊ-ಇ ಎಂಬ ಪ್ರೋಟೀನು ಹೊತ್ತ ಎಚ್‌ಡಿಎಲ್ ಬೆರೆತಿರುತ್ತದೆ. ಮೊಲದಲ್ಲಾದರೆ ಸಿಇಟಿಪಿ ಕೆಲಸ ಮಾಡುತ್ತದೆ. 1992ರಲ್ಲಿ ರೂಪಿಸಿದ, ಅಪೊ-ಇ ಇಲ್ಲದ ಸಣ್ಣಿಲಿಗಳಲ್ಲಿ (ಮೌಸ್) ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ. ಸಾಧ್ಯವಿದ್ದರೆ ಇವುಗಳಲ್ಲೊಂದನ್ನು ಆರಿಸಿಕೊಳ್ಳಿ.

ಸಣ್ಣಿಲಿಯಾದರೆ ಇ06 ಪ್ರತಿಕಾಯವೇ ನನ್ನ ಆಯ್ಕೆ. ಅದು ಹಿಡಿಯುವುದು ಕಣದ ಹೊರಪದರದಲ್ಲಿ ಆಕ್ಸಿಡೀಕರಣಗೊಂಡ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಫಾಸ್ಫೋಕೋಲಿನ್ ತುದಿಯನ್ನು. ಆ ತುದಿ ಎಲ್ಲ ಪ್ರಾಣಿಗಳಲ್ಲೂ ಒಂದೇ. ಸಣ್ಣಿಲಿಯ ಅಪೊ-ಬಿಗೆ ಹೊಂದುವ ಪ್ರತಿಕಾಯದಿಂದ ಕಣವನ್ನು ಪ್ಲೇಟಿಗೆ ಕಟ್ಟಿ, ಮೇಲೆ ಗುರುತಾಗಿ ಬಯೋಟಿನ್ ಜೋಡಿಸಿದ ಇ06 ಹಾಕಬೇಕು. ಇ06 ಸ್ವತಃ ಸಣ್ಣಿಲಿಯ ಪ್ರತಿಕಾಯ (ಐಜಿಎಂ ಬಗೆಯದು) ಆದ್ದರಿಂದ ಬಯೋಟಿನ್ ಇಲ್ಲದಿದ್ದರೆ ಅದನ್ನು ಮಾದರಿಯ ಸ್ವಂತ ಪ್ರತಿಕಾಯಗಳಿಂದ ಬೇರ್ಪಡಿಸಿ ಗುರುತಿಸಲಾಗದು. ಅಗ್ಗವೆಂದು, ಕೊಬ್ಬಿನ ಆಕ್ಸಿಡೀಕರಣವನ್ನು ಬಣ್ಣದಿಂದ ಅಳೆಯುವ ಟಿಬಾರ್ಸ್ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. 532 ನ್ಯಾನೋಮೀಟರ್‌ನಲ್ಲಿ ಕಾಣುವ ಬಣ್ಣವನ್ನು ಒಡೆದ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನೂ ಕೆಡಿಸುತ್ತದೆ.

ರಕ್ತವನ್ನು ಇಡಿಟಿಎ (ಆಕ್ಸಿಡೀಕರಣಕ್ಕೆ ನೆರವಾಗುವ ಲೋಹಗಳನ್ನು ಹಿಡಿದಿಡುವ ರಾಸಾಯನಿಕ) ಇರುವ ಕೊಳವೆಗೇ ತೆಗೆಯಿರಿ, ಪ್ಲಾಸ್ಮಾ ಬೇರ್ಪಡಿಸಿದ ಕೂಡಲೇ ಆಕ್ಸಿಡೀಕರಣ ತಡೆಯುವ ಬಿಎಚ್‌ಟಿ ಸೇರಿಸಿ, ಸಣ್ಣ ಪಾಲುಗಳಾಗಿ ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಇಲ್ಲವಾದರೆ ಕಣವು ಕೊಳವೆಯಲ್ಲೇ ಆಕ್ಸಿಡೀಕರಣಗೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ಸಾಮಾನ್ಯ, ಫ್ರೀಜರಿಗೆ ಜನರೇಟರ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಹಣ ಕಟ್ಟುವ ಮುನ್ನ, ನಿಮ್ಮದೇ ಪ್ರಾಣಿಯ ಪ್ಲಾಸ್ಮಾದಲ್ಲಿ ತೆಳುಗೊಳಿಸಿ ನೋಡಿದ ಫಲಿತಾಂಶವನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಅವರು ಕೊಡದಿದ್ದರೆ ಕೊಳ್ಳಬೇಡಿ. ಕೊಟ್ಟರೂ ಒಂದೇ ಪ್ರಾಣಿಯ ಪ್ಲಾಸ್ಮಾದಲ್ಲಿ ಅದನ್ನು ನೀವೇ ಮಾಡಿ ನೋಡುವವರೆಗೆ ಉಳಿದ ಮಾದರಿಗಳನ್ನು ಫ್ರೀಜರಿನಿಂದ ಹೊರತೆಗೆಯಬೇಡಿ.